ವೋಲ್ಟೇಜ್ ಸಮ ಮಾಡದೆ ಡ್ಯಾಕ್ ಹೋಲಿಸಬೇಡಿ

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಹೆಡ್‌ಫೋನಿಗೆ ಬಳಸುವ ಮೂರು ಡ್ಯಾಕ್‌ಗಳ ಹೋಲಿಕೆ ಬಂದಿತ್ತು. ಫೋನು, ಲ್ಯಾಪ್‌ಟಾಪಿನಲ್ಲಿ ಅಂಕಿಗಳಾಗಿ ಕೂತಿರುವ ಹಾಡನ್ನು ಹೆಡ್‌ಫೋನು ನುಡಿಸಬಲ್ಲ ವಿದ್ಯುತ್ ಅಲೆಯಾಗಿ ಬದಲಿಸುವ ಈ ಪುಟ್ಟ ಸಾಧನಕ್ಕೆ ಕನ್ನಡ ಪತ್ರಿಕೆಯೊಂದು ಅರ್ಧ ಪುಟ ಕೊಟ್ಟದ್ದು ಸಂತೋಷದ ಸಂಗತಿ. ಆ ಬರಹದಲ್ಲಿ ಒಂದು ಡ್ಯಾಕ್‌ಗೆ ‘ಬೆಚ್ಚಗಿನ ದನಿ’, ಇನ್ನೊಂದಕ್ಕೆ ‘ಪರದೆ ಸರಿದಂಥ ಸ್ಪಷ್ಟತೆ’, ಮೂರನೆಯದಕ್ಕೆ ‘ಜೀವ ಕಡಿಮೆ’ ಎಂಬ ಮಾತುಗಳಿದ್ದವು, ಜೊತೆಗೆ ನಕ್ಷತ್ರಗಳಿದ್ದವು. ಮೂರನ್ನೂ ಒಂದೇ ಜೋರಿನಲ್ಲಿ ಇಟ್ಟು ಕೇಳಿದರೇ ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಆ ಒಂದು ಸಾಲು ಇಲ್ಲದಿದ್ದರೆ ಉಳಿದ ಯಾವ ಮಾತಿಗೂ ನೆಲೆಯಿಲ್ಲ. ಓದುಗರು ಇಂಥ ಬರಹ ನೋಡಿ ಸಾವಿರಾರು ರೂಪಾಯಿ ಹಾಕುತ್ತಾರೆ. ಹಾಗಾಗಿ ಪತ್ರ ಸ್ವಲ್ಪ ಉದ್ದವಾದರೂ ಇದನ್ನು ವಿವರವಾಗಿಯೇ ಬರೆಯಬೇಕಾಗಿದೆ.

ನಮ್ಮ ಕಿವಿಯ ಸ್ವಭಾವ ವಿಚಿತ್ರವಾದದ್ದು. ಎರಡು ಸಾಧನಗಳಲ್ಲಿ ಒಂದು ಅರ್ಧ ಡೆಸಿಬೆಲ್‌ನಷ್ಟು ಮುಂದಿದ್ದರೆ ಕೇಳುವವರು ‘ಇದು ಜೋರಾಗಿದೆ’ ಎಂದು ಹೇಳುವುದೇ ಇಲ್ಲ. ‘ಇದರಲ್ಲಿ ಬೇಸ್ ತುಂಬಿಕೊಂಡಿದೆ, ಗಾಯಕರು ಮುಂದೆ ಬಂದಿದ್ದಾರೆ’ ಎನ್ನುತ್ತಾರೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ರೇಖೆಗಳಲ್ಲೇ ಇದರ ಅರ್ಧ ಕಾರಣ ಇದೆ. ಸದ್ದು ತಗ್ಗಿದಂತೆ ಕೆಳಗಿನ ಸ್ವರಗಳು ಕಿವಿಗೆ ಬೇಗ ಕರಗಿ ಹೋಗುತ್ತವೆ, ಏರಿಸಿದಂತೆ ಮರಳಿ ಬರುತ್ತವೆ. ಅಂದರೆ ವಾಲ್ಯೂಮ್ ಒಂದಿಷ್ಟು ಏರಿದರೆ ಹಾಡಿನ ಮೈಕಟ್ಟೇ ಬದಲಾದಂತೆ ಕೇಳುತ್ತದೆ, ಅದರ ಪುಣ್ಯವೆಲ್ಲ ಡ್ಯಾಕ್‌ನ ಖಾತೆಗೆ ಜಮೆಯಾಗುತ್ತದೆ.

ಡ್ಯಾಕ್‌ಗಳ ನಡುವೆ ಈ ವ್ಯತ್ಯಾಸ ಅರ್ಧ ಡೆಸಿಬೆಲ್‌ಗೆ ನಿಲ್ಲುವುದೂ ಇಲ್ಲ. ಫೋನಿಗೆ ಸಿಕ್ಕಿಸುವ ಸಣ್ಣ ಡಾಂಗಲ್‌ಗಳಲ್ಲಿ ಕೆಲವು ಪೂರ್ತಿ ವಾಲ್ಯೂಮಿನಲ್ಲಿ 1 ವೋಲ್ಟ್ ಕೊಡುತ್ತವೆ, ಕೆಲವು 2 ವೋಲ್ಟ್. ಇವೆರಡರ ಅಂತರ 6 ಡೆಸಿಬೆಲ್. ಒಂದೇ ಸಾಧನದ 3.5 ಮಿಲಿಮೀಟರ್ ಜಾಕಿಗಿಂತ 4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಜಾಕಿನಲ್ಲಿ (ಎಡ, ಬಲ ಕಿವಿಗಳಿಗೆ ಪ್ರತ್ಯೇಕ ಜೋಡಿ ತಂತಿ ಇರುವಂಥದ್ದು) ಸಾಮಾನ್ಯವಾಗಿ ಎರಡರಷ್ಟು ವೋಲ್ಟೇಜ್ ಇರುತ್ತದೆ, ಅಲ್ಲೂ ಅದೇ 6 ಡೆಸಿಬೆಲ್. ‘ಬ್ಯಾಲೆನ್ಸ್ಡ್‌ಗೆ ಬದಲಾದ ಕೂಡಲೇ ವೇದಿಕೆ ಅಗಲವಾಯಿತು’ ಎಂದು ಹೇಳುವವರು ವಾಲ್ಯೂಮನ್ನು 6 ಡೆಸಿಬೆಲ್ ಇಳಿಸಿ ಮತ್ತೊಮ್ಮೆ ಕೇಳಲಿ.

ಸಮ ಮಾಡುವ ಕೆಲಸ ಕಿವಿಯಿಂದ ಆಗುವುದಿಲ್ಲ, ಫೋನಿನ ಡೆಸಿಬೆಲ್ ಆ್ಯಪ್‌ನಿಂದಲೂ ಆಗುವುದಿಲ್ಲ. ಅದಕ್ಕೆ ಮಲ್ಟಿಮೀಟರ್ ಬೇಕು. ಕೊಳ್ಳುವಾಗಲೇ ಒಂದು ಎಚ್ಚರ: ಅಗ್ಗದ ಮೀಟರ್‌ಗಳಲ್ಲಿ ಹಲವಕ್ಕೆ ಎಸಿ ಅಳತೆ 200 ಮತ್ತು 750 ವೋಲ್ಟ್ ಎರಡೇ ಇರುತ್ತವೆ. ಮನೆಯ ಪ್ಲಗ್ ನೋಡುವುದಕ್ಕೆ ಅವು ಸರಿ, ಹೆಡ್‌ಫೋನಿನ ವೋಲ್ಟೇಜಿಗೆ ಪ್ರಯೋಜನಕ್ಕಿಲ್ಲ. ಎಸಿಯಲ್ಲಿ 2 ವೋಲ್ಟ್ ಅಥವಾ ಅದಕ್ಕೂ ಕೆಳಗಿನ ರೇಂಜ್ ಇದ್ದು ಮಿಲಿವೋಲ್ಟಿನವರೆಗೆ ಅಂಕಿ ತೋರಿಸುವ ಮೀಟರ್ ಬೇಕು. ಇನ್ನೊಂದು ಮಾತು. ಸಾಧಾರಣ ಮೀಟರ್‌ಗಳ ಎಸಿ ಅಳತೆ 50 ಹರ್ಟ್ಸ್‌ನಿಂದ 400 ಹರ್ಟ್ಸ್ ತನಕ ಮಾತ್ರ ನಂಬಿಕೆಗೆ ಅರ್ಹ. ಎಲ್ಲರೂ ಹೇಳುವ 1 ಕಿಲೊಹರ್ಟ್ಸ್ ಸ್ವರ ಹಾಕಿದರೆ ಕೆಲವು ಮೀಟರ್ ತಪ್ಪು ತೋರಿಸುತ್ತವೆ. 200 ಹರ್ಟ್ಸ್ ಇಟ್ಟುಕೊಳ್ಳುವುದು ಕ್ಷೇಮ.

ಸ್ವರವನ್ನು ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲೇ ಮಾಡಿಕೊಳ್ಳಬಹುದು: ಸೈನ್ ಅಲೆ, 200 ಹರ್ಟ್ಸ್, ಆ್ಯಂಪ್ಲಿಟ್ಯೂಡ್ 0.8, ಅವಧಿ ಒಂದು ನಿಮಿಷ, 44.1 ಕಿಲೊಹರ್ಟ್ಸ್ ಸ್ಯಾಂಪಲ್ ದರದ (ಅಲೆಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿಟ್ಟಿದೆ ಎಂಬ ಲೆಕ್ಕ) ವೇವ್ ಫೈಲ್. ಡ್ಯಾಕ್‌ನ ಜಾಕಿಗೆ ಒಂದು ಪಿನ್ನಿನಿಂದ ಎರಡು ಸಾಕೆಟ್ ಆಗುವ ಸ್ಪ್ಲಿಟರ್ ಹಾಕಿ. ಒಂದು ಸಾಕೆಟ್ಟಿಗೆ ನೀವು ಕೇಳಲಿರುವ ಹೆಡ್‌ಫೋನನ್ನೇ ಸಿಕ್ಕಿಸಿ, ಯಾಕೆಂದರೆ ಹೆಡ್‌ಫೋನಿನ ಭಾರ (ಲೋಡ್) ಇಲ್ಲದಾಗಿನ ವೋಲ್ಟೇಜ್ ಬೇರೆ, ಇದ್ದಾಗಿನದು ಬೇರೆ. ಇನ್ನೊಂದಕ್ಕೆ ಮೂರು ತುಂಡಿನ ಪಿನ್ ಇರುವ ಸಾದಾ ಆಕ್ಸ್ ಕೇಬಲ್. ಅದರ ಇನ್ನೊಂದು ತುದಿಯಲ್ಲಿ ಮೊನೆ ಎಡ ಕಿವಿಯದು, ನಡುವಿನ ಉಂಗುರ ಬಲದ್ದು, ಬುಡ ಗ್ರೌಂಡ್. ಮೀಟರಿನ ಕ್ಲಿಪ್ಪುಗಳನ್ನು ಮೊನೆಗೂ ಬುಡಕ್ಕೂ ಹಿಡಿಸಿ. ಮೀಟರಿನ ಕೆಂಪು ತಂತಿ ವೋಲ್ಟ್ ತೂತಿನಲ್ಲೇ ಇದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಕರೆಂಟ್ ಅಳೆಯುವ ತೂತಿನಲ್ಲಿದ್ದರೆ ಡ್ಯಾಕ್‌ನ ಔಟ್‌ಪುಟ್ ನೇರ ಶಾರ್ಟ್ ಆಗುತ್ತದೆ. ಹೆಡ್‌ಫೋನು ಮೇಜಿನ ಮೇಲಿರಲಿ, ಈ ಸ್ವರವನ್ನು ಕಿವಿಗೆ ಹಾಕಿಕೊಂಡು ನುಡಿಸಲೇಬಾರದು.

ಪ್ಲೇಯರಿನ ವಾಲ್ಯೂಮ್ ಪೂರ್ತಿ ಇಟ್ಟು, ಡ್ಯಾಕ್‌ಗಳ ಸ್ವಂತ ವಾಲ್ಯೂಮನ್ನು ಸುಮಾರು 0.4 ವೋಲ್ಟ್ ಬರುವಂತೆ ಹೊಂದಿಸಿ. ಮೊದಲನೆಯದು 0.412 ತೋರಿಸಿತು, ಎರಡನೆಯದು 0.388 ಎಂದುಕೊಳ್ಳೋಣ. ನೋಡಲು ಎರಡೂ ಒಂದೇ ಎನಿಸಿದರೂ ಅಂತರ 0.52 ಡೆಸಿಬೆಲ್. ಹಲವು ಡ್ಯಾಕ್‌ಗಳ ವಾಲ್ಯೂಮ್ ಮೆಟ್ಟಿಲು ಇಷ್ಟು ಸಣ್ಣದಿರುವುದಿಲ್ಲ. ಅದಕ್ಕೆ ವಿಂಡೋಸ್‌ನಲ್ಲಿ ಈಕ್ವಲೈಸರ್ ಎಪಿಒ ಎಂಬ ಉಚಿತ ತಂತ್ರಾಂಶ ಬಳಸಿ ಮೊದಲ ಡ್ಯಾಕ್‌ಗೆ ಮಾತ್ರ 0.5 ಡೆಸಿಬೆಲ್ ಇಳಿಸಿದರೆ 0.389 ಬರುತ್ತದೆ. 0.388ಕ್ಕೂ 0.389ಕ್ಕೂ ಇರುವ ಭೇದವನ್ನು ಯಾವ ಕಿವಿಯೂ ಹಿಡಿಯದು. ಶೇ 1ರಷ್ಟು ವ್ಯತ್ಯಾಸ ಅಂದರೆ 0.09 ಡೆಸಿಬೆಲ್, ಅದರೊಳಗೆ ತಂದು ನಿಲ್ಲಿಸಿದರೆ ಸಾಕು. ಆಮೇಲೆ ಕೇಳುವ ಮಟ್ಟಕ್ಕೆ ಬರಲು ಪ್ಲೇಯರಿನಲ್ಲಿ ಎರಡಕ್ಕೂ ಒಂದೇ ಪ್ರಮಾಣದಲ್ಲಿ, 15 ಅಥವಾ 20 ಡೆಸಿಬೆಲ್, ಇಳಿಸಿ. ಡಿಜಿಟಲ್ ಇಳಿಕೆ ಎರಡು ಕಡೆಯೂ ಕರಾರುವಾಕ್ಕಾಗಿ ಒಂದೇ ಆಗಿರುತ್ತದೆ. ಹೀಗೆ ಇಳಿಸಿದರೆ ಬಿಟ್‌ಗಳು ಹಾಳಾಗುತ್ತವೆ ಎಂಬ ಭಯ ಬೇಡ: ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್, 16 ಬಿಟ್ ಹಾಡನ್ನು 24 ಬಿಟ್ ಡ್ಯಾಕ್‌ಗೆ ಕಳಿಸಿದಾಗ ಕೆಳಗೆ 8 ಬಿಟ್, ಅಂದರೆ 48 ಡೆಸಿಬೆಲ್ ಜಾಗ ಖಾಲಿ ಇರುತ್ತದೆ. ಕೊನೆಗೆ ಮೊನೆಯಿಂದ ಉಂಗುರಕ್ಕೆ ಕ್ಲಿಪ್ ಸರಿಸಿ ಬಲ ಕಿವಿಯನ್ನೂ ಅಳೆಯಿರಿ. ತಿರುಗಿಸುವ ಗುಂಡಿ ಇರುವ ಆ್ಯಂಪ್ಲಿಫೈಯರ್‌ಗಳಲ್ಲಿ ಗುಂಡಿ ತೀರ ಕೆಳಗಿದ್ದಾಗ ಎಡಬಲ ಒಂದೆರಡು ಡೆಸಿಬೆಲ್ ಬೇರೆಯಾಗುವುದು ಮಾಮೂಲಿ. ‘ಗಾಯಕರು ಎಡಕ್ಕೆ ಸರಿದರು’ ಎಂಬ ದೂರಿನ ಮೂಲ ಎಷ್ಟೋ ಸಲ ಅಲ್ಲಿರುತ್ತದೆ.

ಸದ್ದು ಸಮವಾದ ಮೇಲೆ ಹೆಸರು ಮುಚ್ಚಬೇಕು. ಯಾವುದು ನುಡಿಯುತ್ತಿದೆ ಎಂದು ಗೊತ್ತಿದ್ದರೆ ಬೆಲೆಯೂ ಲೋಹದ ಕವಚವೂ ಕಿವಿಯ ಜೊತೆ ಸೇರಿ ಕೇಳುತ್ತವೆ. ಇದು ಯಾರ ಪ್ರಾಮಾಣಿಕತೆಯ ಪ್ರಶ್ನೆಯೂ ಅಲ್ಲ, ದಶಕಗಟ್ಟಲೆ ಪಳಗಿದ ರೆಕಾರ್ಡಿಂಗ್ ಎಂಜಿನಿಯರ್‌ಗಳಿಗೂ ಹೀಗೇ ಆಗುತ್ತದೆ. ಒಬ್ಬ ಸಹಾಯಕರು ಬೆನ್ನ ಹಿಂದೆ ಕೂತು ಪ್ರತಿ ಸಲ ನಾಣ್ಯ ಚಿಮ್ಮಿ ಯಾವ ಡ್ಯಾಕ್ ಎಂದು ನಿರ್ಧರಿಸಿ ಬರೆದಿಟ್ಟುಕೊಳ್ಳಲಿ, ಕೇಳುವವರು ಅದು ಯಾವುದೆಂದು ಗುರುತಿಸಲಿ. ಅದೇ ಡ್ಯಾಕ್ ಮತ್ತೆ ಬಂದರೂ ಪಿನ್ ಕಿತ್ತು ಮತ್ತೆ ಹಾಕಲೇಬೇಕು, ಇಲ್ಲದಿದ್ದರೆ ‘ಈ ಸಲ ಬದಲಾಗಲಿಲ್ಲ’ ಎಂದು ಸದ್ದೇ ಹೇಳಿಬಿಡುತ್ತದೆ. ಹಾಡು ನಿಲ್ಲಿಸಿದ ಮೇಲೆಯೇ ಪಿನ್ ಕೀಳಿ. ನುಡಿಯುತ್ತಿರುವಾಗ ಕಿತ್ತರೆ ಒಂದು ಕ್ಷಣ ಮೊನೆಯೂ ಉಂಗುರವೂ ಒಂದಕ್ಕೊಂದು ತಗುಲಿ ಶಾರ್ಟ್ ಆಗುತ್ತವೆ.

ಪಿನ್ ಕಿತ್ತು ಹಾಕುವಷ್ಟರಲ್ಲಿ ಹಿಂದಿನ ಸದ್ದಿನ ನೆನಪು ಮಸುಕಾಗುತ್ತದೆ ಎಂಬುದು ನಿಜ. ಸಣ್ಣ ಭೇದಗಳ ನೆನಪು ಕೆಲವೇ ಸೆಕೆಂಡು ಉಳಿಯುವಂಥದ್ದು. ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿಯಬಲ್ಲವರು ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಕಡೆ ಸಿಗುವ ಮೂರು ಪೋಲ್, ಎರಡು ದಿಕ್ಕಿನ ಟಾಗಲ್ ಸ್ವಿಚ್ಚು, ಮೂರು 3.5 ಮಿಲಿಮೀಟರ್ ಸಾಕೆಟ್ಟು, ಒಂದು ಡಬ್ಬಿ ತಂದು ಸ್ವಿಚ್ ಪೆಟ್ಟಿಗೆ ಮಾಡಿಕೊಳ್ಳಬಹುದು. ಎಡ, ಬಲ, ಗ್ರೌಂಡ್ ಮೂರನ್ನೂ ಬದಲಿಸಿ. ಸ್ವಿಚ್ಚು ಹಳೆಯ ಸಂಪರ್ಕ ಬಿಟ್ಟ ಮೇಲೆಯೇ ಹೊಸದನ್ನು ಹಿಡಿಯುವ ಜಾತಿಯದಾಗಿರಬೇಕು. ಎರಡು ಡ್ಯಾಕ್‌ಗಳ ಔಟ್‌ಪುಟ್ಟನ್ನು ಸ್ಪ್ಲಿಟರ್ ಉಲ್ಟಾ ಹಾಕಿ ಒಂದೇ ಹೆಡ್‌ಫೋನಿಗೆ ಸೇರಿಸುವ ಕೆಲಸ ಎಂದೂ ಮಾಡಬಾರದು. ಒಂದು ಇನ್ನೊಂದರೊಳಕ್ಕೆ ಕರೆಂಟ್ ನೂಕಿ ಔಟ್‌ಪುಟ್ ಚಿಪ್ ಸುಟ್ಟೀತು. 4.4 ಜಾಕಿಗೂ ಈ ಪೆಟ್ಟಿಗೆ ಸಲ್ಲದು, ಅಲ್ಲಿ ಎಡಬಲಗಳಿಗೆ ಸಾಮಾನ್ಯ ಗ್ರೌಂಡ್ ಇರುವುದಿಲ್ಲ.

ಸ್ವಿಚ್ ಪೆಟ್ಟಿಗೆಗೂ ಒಂದು ತೊಡಕಿದೆ. ಎರಡು ಡ್ಯಾಕ್ ಒಟ್ಟಿಗೆ ನುಡಿಯಬೇಕು, ಆದರೆ ಎರಡರ ಒಳಗೂ ಬೇರೆ ಬೇರೆ ಕ್ರಿಸ್ಟಲ್ ಗಡಿಯಾರ ಇರುತ್ತವೆ. ಹತ್ತು ಲಕ್ಷಕ್ಕೆ 100ರಷ್ಟು ಹೆಚ್ಚುಕಮ್ಮಿ ಆದರೂ ನಿಮಿಷಕ್ಕೆ 6 ಮಿಲಿಸೆಕೆಂಡ್ ಹಿಂದುಮುಂದಾಗುತ್ತದೆ. ಐದು ನಿಮಿಷ ಕಳೆಯುವುದರೊಳಗೆ ಸ್ವಿಚ್ ಒತ್ತಿದಾಗಲೆಲ್ಲ ತಾಳ ಒಂದು ಎಗರು ಎಗರಿದಂತೆ ಕೇಳುತ್ತದೆ, ಯಾವುದು ಯಾವುದು ಎಂಬ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಎರಡು ನಿಮಿಷಕ್ಕೊಮ್ಮೆ ಎರಡನ್ನೂ ಮೊದಲಿನಿಂದ ಶುರು ಮಾಡಬೇಕು. ಇನ್ನೂ ಅಚ್ಚುಕಟ್ಟು ಬೇಕೆಂದರೆ ಒಳ್ಳೆಯ ಆಡಿಯೊ ಇಂಟರ್‌ಫೇಸಿನಲ್ಲಿ ಎರಡೂ ಡ್ಯಾಕ್‌ಗಳ ಔಟ್‌ಪುಟ್ಟನ್ನು 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ ಧ್ವನಿಮುದ್ರಿಸಿ, ಆರಂಭವನ್ನು ಒಂದೇ ಸ್ಯಾಂಪಲ್ಲಿಗೆ ಕತ್ತರಿಸಿ, ಫೂಬಾರ್ 2000 ಪ್ಲೇಯರಿನ ಎಬಿಎಕ್ಸ್ ಸೌಲಭ್ಯದಲ್ಲಿ (ಹೆಸರು ಮುಚ್ಚಿದ ಎಕ್ಸ್ ಎಂಬುದು ಎ ಯೋ ಬಿ ಯೋ ಎಂದು ಗುರುತಿಸುವ ಪರೀಕ್ಷೆ) ಹೋಲಿಸಬಹುದು. ಮುದ್ರಿಸುವಾಗಲೂ ಸ್ಪ್ಲಿಟರಿನ ಇನ್ನೊಂದು ಬಾಯಿಗೆ ಹೆಡ್‌ಫೋನು ಸಿಕ್ಕಿಸಿಯೇ ಇರಬೇಕು. ಇಲ್ಲದಿದ್ದರೆ ಮುಂದೆ ಹೇಳಲಿರುವ ಬಹುಮುಖ್ಯ ದೋಷವೇ ಮುದ್ರಣದಿಂದ ತಪ್ಪಿಸಿಕೊಳ್ಳುತ್ತದೆ.

ಎಷ್ಟು ಸಲ ಕೇಳಬೇಕು? 16 ಸಲ ಇಟ್ಟುಕೊಳ್ಳಿ. ಬರೀ ಊಹೆಯಿಂದ 12 ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಾಧ್ಯತೆ ಶೇ 3.8 ಮಾತ್ರ. 10ರಲ್ಲಿ 8 ಸರಿಯಾದರೂ ಸಾಲದು, ಅದು ಊಹೆಯಿಂದಲೇ ಶೇ 5.5ರಷ್ಟು ಸಲ ಸಿಗುತ್ತದೆ. ಎಷ್ಟು ಸಲ ಎಂದು ಮೊದಲೇ ಬರೆದಿಟ್ಟು ಅಲ್ಲಿಗೇ ನಿಲ್ಲಿಸಿ. ‘ಇನ್ನೊಂದು ಸುತ್ತು’ ಎಂದು ಗೆಲ್ಲುವ ತನಕ ಆಡಿದರೆ ಒಂದಲ್ಲ ಒಂದು ಸುತ್ತಿನಲ್ಲಿ ಯಾರಾದರೂ ಗೆಲ್ಲುತ್ತಾರೆ. ಪರೀಕ್ಷೆಯೇ ಸರಿಯಾಗಿದೆಯೇ ಎಂದು ನೋಡಲು ಮೊದಲು ಒಂದೇ ಹಾಡಿನ ಎರಡು ಪ್ರತಿ ಮಾಡಿ, ಒಂದನ್ನು 1 ಡೆಸಿಬೆಲ್ ಇಳಿಸಿ ಇದೇ ಕ್ರಮದಲ್ಲಿ ಕೇಳಿ. ಅದೇ ಗೊತ್ತಾಗದಿದ್ದರೆ ಕೋಣೆ ಗಲಾಟೆಯದು, ಅಥವಾ ಕಿವಿ ದಣಿದಿದೆ, ಆ ದಿನಕ್ಕೆ ಬಿಟ್ಟುಬಿಡಿ. ಕೇಳುವ ತುಣುಕು 5ರಿಂದ 10 ಸೆಕೆಂಡಿನದಿರಲಿ. ಗಾಯನ, ತಂಬೂರಿ, ಮೃದಂಗ ಇಷ್ಟೇ ಇರುವ ಕಛೇರಿಯ ಮುದ್ರಣದಲ್ಲಿ ಮೇಲ್‌ಸ್ವರಗಳ ಶಕ್ತಿ ಕಡಿಮೆ, ಅಲ್ಲಿನ ಭೇದ ಅಡಗಿ ಹೋಗುತ್ತದೆ. ಯಕ್ಷಗಾನದ ಹಿಮ್ಮೇಳದಲ್ಲಿ ಚಕ್ರತಾಳ ಕೇಳಿಬರುವ ತುಣುಕು ಇದಕ್ಕೆ ಚೆನ್ನ. ಸಂಗೀತವೇ ಬೇಡವೆಂದರೆ ಎಲ್ಲ ಸ್ವರಗಳೂ ಬೆರೆತು ಜಲಪಾತದಂತೆ ಕೇಳುವ ಪಿಂಕ್ ನಾಯ್ಸ್‌ನಷ್ಟು ಸೂಕ್ಷ್ಮವಾದದ್ದು ಬೇರೊಂದಿಲ್ಲ.

ಇಷ್ಟು ಮಾಡಿದ ಮೇಲೆ ಸರಿಯಾಗಿ ತಯಾರಾದ ಎರಡು ಡ್ಯಾಕ್‌ಗಳು ಹೆಚ್ಚಿನ ಸಲ ಒಂದೇ ಆಗಿ ಕೇಳುತ್ತವೆ. ಭೇದ ಉಳಿದುಕೊಂಡರೆ ಅದಕ್ಕೆ ಅಳೆಯಬಹುದಾದ ಕಾರಣ ಇದ್ದೇ ಇರುತ್ತದೆ. ಅವುಗಳಲ್ಲಿ ದೊಡ್ಡದು ಔಟ್‌ಪುಟ್ ಇಂಪೆಡೆನ್ಸ್, ಅಂದರೆ ಹೆಡ್‌ಫೋನಿಗೆ ಹೋಗುವ ಕರೆಂಟಿಗೆ ಡ್ಯಾಕ್‌ನ ಒಳಗೇ ಇರುವ ತಡೆ; ನಿಮ್ಮ ಲೇಖನದಲ್ಲಿ ಆ ಪದವೇ ಇರಲಿಲ್ಲ.

ಒಂದಕ್ಕಿಂತ ಹೆಚ್ಚು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್ (ಸದ್ದು ಹೊರಡಿಸುವ ಪುಟ್ಟ ಘಟಕ) ಇರುವ ಇಯರ್‌ಫೋನುಗಳ ತಡೆ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಒಂದು ಕಡೆ 8 ಓಮ್, ಇನ್ನೊಂದು ಕಡೆ 40 ಓಮ್ ಇರಬಹುದು. ಡ್ಯಾಕ್‌ನ ಒಳಗೆ 10 ಓಮ್ ತಡೆ ಇದ್ದರೆ 8 ಓಮ್ ಇರುವ ಸ್ವರಗಳು 7 ಡೆಸಿಬೆಲ್ ಇಳಿಯುತ್ತವೆ, 40 ಓಮ್ ಇರುವ ಸ್ವರಗಳು 1.9 ಡೆಸಿಬೆಲ್ ಮಾತ್ರ. ಅಂದರೆ ಯಾರೂ ಈಕ್ವಲೈಸರ್ ಮುಟ್ಟದೆಯೇ ಹಾಡಿನ ಸಮತೋಲ 5 ಡೆಸಿಬೆಲ್ ಕದಲಿತು. ಡ್ಯಾಕ್‌ನ ತಡೆ 1 ಓಮ್ ಆಗಿದ್ದರೆ ಇದೇ ಕದಲಿಕೆ 0.8 ಡೆಸಿಬೆಲ್‌ಗೆ ಇಳಿಯುತ್ತದೆ. ‘ಈ ಡ್ಯಾಕ್ ಬೆಚ್ಚಗೆ, ಆ ಡ್ಯಾಕ್ ಚುರುಕು’ ಎಂಬ ಮಾತು ನಿಜವಾಗುವ ಜಾಗ ಇದು. ಆದರೆ ಅದು ಆ ಡ್ಯಾಕ್‌ಗೂ ಆ ಇಯರ್‌ಫೋನಿಗೂ ಬಿದ್ದ ಜೋಡಿಯ ಗುಣ. ಇಯರ್‌ಫೋನು ಬದಲಿಸಿದರೆ ಮಾತೂ ಬದಲಾಗುತ್ತದೆ. ಚಪ್ಪಟೆ ಪೊರೆ ಕಂಪಿಸಿ ನುಡಿಯುವ ಪ್ಲೇನಾರ್ ಹೆಡ್‌ಫೋನುಗಳ ತಡೆ ಎಲ್ಲ ಸ್ವರಕ್ಕೂ ಹೆಚ್ಚುಕಡಿಮೆ ಒಂದೇ, ಅವಕ್ಕೆ ಇದೇ ಡ್ಯಾಕ್ ಹಾಕಿದರೆ ಸದ್ದು ತುಸು ತಗ್ಗುವುದು ಬಿಟ್ಟರೆ ಬಣ್ಣ ಬದಲಾಗದು. ಹೆಡ್‌ಫೋನಿನ ತಡೆಯ ಎಂಟನೇ ಒಂದು ಭಾಗಕ್ಕಿಂತ ಡ್ಯಾಕ್‌ನ ತಡೆ ಕಡಿಮೆ ಇರಲಿ ಎಂಬುದು ಬಳಕೆಯಲ್ಲಿರುವ ಲೆಕ್ಕ.

ಪೆಟ್ಟಿಗೆಯ ಮೇಲೆ ಈ ಅಂಕಿ ಇಲ್ಲದಿದ್ದರೂ ಮನೆಯಲ್ಲೇ ಕಂಡುಹಿಡಿಯಬಹುದು. 200 ಹರ್ಟ್ಸ್ ಸ್ವರ ನುಡಿಸಿ, ಏನೂ ಭಾರ ಇಲ್ಲದೆ 0.500 ವೋಲ್ಟ್ ಬರುವಂತೆ ಇಡಿ. ಈಗ ಮೊನೆಗೂ ಬುಡಕ್ಕೂ ನಡುವೆ 33 ಓಮ್‌ನ, ಕಾಲು ವ್ಯಾಟ್‌ನ ರೆಸಿಸ್ಟರ್ ಸೇರಿಸಿ. ಮೀಟರ್ 0.485ಕ್ಕೆ ಇಳಿಯಿತು ಎನ್ನಿ. 0.500ನ್ನು 0.485ರಿಂದ ಭಾಗಿಸಿ, ಒಂದು ಕಳೆದು, 33ರಿಂದ ಗುಣಿಸಿದರೆ 1.02 ಓಮ್. ಇದು ಒಳ್ಳೆಯ ಡ್ಯಾಕ್. ಅದೇ ಪ್ರಯೋಗದಲ್ಲಿ ಹಳೆಯ ಡೆಸ್ಕ್‌ಟಾಪಿನ ಜಾಕ್ 0.153ಕ್ಕೆ ಕುಸಿದರೆ ಅದರೊಳಗೆ 75 ಓಮ್ ಕೂತಿದೆ ಎಂದರ್ಥ. ರೆಸಿಸ್ಟರಿನ ನಿಜವಾದ ಬೆಲೆಯನ್ನೂ ಮೀಟರಿನಲ್ಲಿ ಮೊದಲೇ ನೋಡಿಕೊಳ್ಳಿ, ಶೇ 5 ಹೆಚ್ಚುಕಮ್ಮಿ ಇರುವವೇ ಅಂಗಡಿಯಲ್ಲಿ ಜಾಸ್ತಿ.

ಎರಡನೆಯದು ಹಿನ್ನೆಲೆಯ ಸುಸ್ಸೆನ್ನುವ ಸದ್ದು. 1 ವೋಲ್ಟ್‌ಗೆ 125 ಡೆಸಿಬೆಲ್ ಕೊಡುವ ಸೂಕ್ಷ್ಮ ಇಯರ್‌ಫೋನಿಗೆ 5 ಮೈಕ್ರೊವೋಲ್ಟ್ ಗದ್ದಲ ಇರುವ ಡ್ಯಾಕ್ ಹಾಕಿದರೆ ಕಿವಿಯಲ್ಲಿ 19 ಡೆಸಿಬೆಲ್ ಸದ್ದು, ರಾತ್ರಿ ಫ್ಯಾನ್ ನಿಲ್ಲಿಸಿದರೆ ಅದು ತಿಳಿಯುತ್ತದೆ. 1 ಮೈಕ್ರೊವೋಲ್ಟ್ ಆದರೆ 5 ಡೆಸಿಬೆಲ್, ಕೇಳದು. ಇದನ್ನು ಪರೀಕ್ಷಿಸುವಾಗ ಬಹಳ ಜನ ಹಾಡು ನಿಲ್ಲಿಸಿ ಕಿವಿಗೊಡುತ್ತಾರೆ. ಹಲವು ಡ್ಯಾಕ್‌ಗಳು ಸಂಕೇತ ನಿಂತ ಕೂಡಲೇ ತಮ್ಮ ಔಟ್‌ಪುಟ್ಟನ್ನೇ ಮುಚ್ಚಿಕೊಳ್ಳುತ್ತವೆ, ಆಗ ಗದ್ದಲ ಇಲ್ಲವೆಂದೇ ತೋರುತ್ತದೆ. ಕೇಳಿಸದಷ್ಟು ಸಣ್ಣ ಡಿದರ್ (ಬೇಕೆಂದೇ ಸೇರಿಸುವ ಸೂಕ್ಷ್ಮ ಗದ್ದಲ) ಇರುವ ಮೌನದ ಫೈಲೊಂದನ್ನು ನುಡಿಸುತ್ತಲೇ ಕೇಳಬೇಕು.

ಶಕ್ತಿ ಸಾಲದಿರುವುದು ಮೂರನೆಯದು. ಇದನ್ನೂ ಅಂಕಿಯಿಂದಲೇ ನೋಡಬೇಕು. 300 ಓಮ್‌ನ ಹೆಡ್‌ಫೋನೊಂದು 1 ವೋಲ್ಟ್‌ಗೆ 103 ಡೆಸಿಬೆಲ್ ಕೊಡುತ್ತದೆ ಎಂದಾದರೆ 2 ವೋಲ್ಟ್ ಡಾಂಗಲ್‌ನಲ್ಲಿ 109 ಡೆಸಿಬೆಲ್ ಶಿಖರ ಮುಟ್ಟುತ್ತದೆ, ಖರ್ಚು 13 ಮಿಲಿವ್ಯಾಟ್ ಮಾತ್ರ. ‘300 ಓಮ್‌ಗೆ ದೊಡ್ಡ ಆ್ಯಂಪ್ಲಿಫೈಯರ್ ಬೇಕೇ ಬೇಕು’ ಎಂಬ ಮಾತು ಎಲ್ಲ ಕಡೆ ನಿಜವಲ್ಲ. ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್ ಸರಾಸರಿಯೇ ಮಿತಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ಇಲ್ಲಿ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಫಿಲ್ಟರ್, ಅಂದರೆ ಅಂಕಿಗಳ ನಡುವಿನ ಮೆಟ್ಟಿಲುಗಳನ್ನು ನಯಗೊಳಿಸಿ ಅಲೆಯಾಗಿಸುವ ಹಂತ. ಈ ಹಂತವನ್ನು ಬಿಟ್ಟ, ಈಚೆಗೆ ಮತ್ತೆ ಬೇಡಿಕೆ ಬಂದಿರುವ ‘ನಾನ್ ಓವರ್‌ಸ್ಯಾಂಪ್ಲಿಂಗ್’ ಡ್ಯಾಕ್‌ಗಳು ಸಿ.ಡಿ. ಗುಣಮಟ್ಟದ ಹಾಡಿನಲ್ಲಿ 10 ಕಿಲೊಹರ್ಟ್ಸ್‌ಗೆ 0.75 ಡೆಸಿಬೆಲ್, 20 ಕಿಲೊಹರ್ಟ್ಸ್‌ಗೆ 3.2 ಡೆಸಿಬೆಲ್ ಇಳಿಸುತ್ತವೆ. ಅವುಗಳ ‘ಮೃದು ದನಿ’ಯ ಗುಟ್ಟು ಬಹುಪಾಲು ಈ ಇಳಿಕೆಯಲ್ಲಿದೆ. ಬೇಕೆನಿಸಿದವರು ಈಕ್ವಲೈಸರಿನಲ್ಲಿ ಬಿಡಿಗಾಸಿಲ್ಲದೆ ಪಡೆಯಬಹುದು. ಮಾಮೂಲಿ ಡ್ಯಾಕ್‌ಗಳ ಫಾಸ್ಟ್, ಸ್ಲೋ ಎಂಬ ಫಿಲ್ಟರ್ ಆಯ್ಕೆಗಳ ಭೇದ ಇರುವುದು ಶ್ರವಣದ ಮೇಲಂಚಿನಲ್ಲಿ. ನಡುವಯಸ್ಸು ದಾಟಿದವರಿಗೆ ಆ ಅಂಚು ಹೇಗೂ ಕೇಳುವುದಿಲ್ಲ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಂದಿನ ಸಿನಿಮಾ ಹಾಡುಗಳನ್ನು ಗರಿಷ್ಠ ಮಟ್ಟಕ್ಕೆ ಒತ್ತಿ ತುಂಬಿರುತ್ತಾರೆ. ಎರಡು ಸ್ಯಾಂಪಲ್‌ಗಳ ನಡುವೆ ಅಲೆ ಆ ಗರಿಷ್ಠವನ್ನೂ ಮೀರಿ ಏರುವುದುಂಟು, 11.025 ಕಿಲೊಹರ್ಟ್ಸ್‌ನ ಒಂದು ಸರಳ ಸ್ವರದಲ್ಲೇ ಅದು 3 ಡೆಸಿಬೆಲ್ ಆಗಬಲ್ಲದು. ಒಳಗೆ ಜಾಗ ಬಿಡದ ಡ್ಯಾಕ್‌ನಲ್ಲಿ ಅಲೆಯ ತಲೆ ಕತ್ತರಿಸಿ ಕರಕರ ಸದ್ದು ಬರುತ್ತದೆ. ಪ್ಲೇಯರಿನಲ್ಲಿ 3 ಡೆಸಿಬೆಲ್ ಇಳಿಸಿಟ್ಟರೆ ಹೆಚ್ಚಿನ ಹಾಡುಗಳಲ್ಲಿ ಆ ತೊಂದರೆ ಇರುವುದಿಲ್ಲ.

ಹೋಲಿಕೆ ಕೆಡುವುದು ಎಷ್ಟೋ ಸಲ ಡ್ಯಾಕ್‌ಗೂ ಮೊದಲೇ. ವಿಂಡೋಸ್ ಒಂದು ಡ್ಯಾಕ್‌ಗೆ 44.1, ಇನ್ನೊಂದಕ್ಕೆ 48 ಕಿಲೊಹರ್ಟ್ಸ್ ಎಂದು ತಾನೇ ಇಟ್ಟುಕೊಂಡಿರಬಹುದು. ಒಂದಕ್ಕೆ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ ಆನ್ ಆಗಿರಬಹುದು, ಆಗ ಕೇಳುತ್ತಿರುವುದು ಈಕ್ವಲೈಸರಿನ ಭೇದ. ಎರಡರಲ್ಲೂ ಅದನ್ನು ಆಫ್ ಮಾಡಿ, ಹಾಡಿನ ದರಕ್ಕೇ ಹೊಂದಿಸಿ. ಆಂಡ್ರಾಯ್ಡ್ ಫೋನುಗಳು ಬಹುತೇಕ ಎಲ್ಲವನ್ನೂ 48ಕ್ಕೆ ಬದಲಿಸಿ ಕಳಿಸುತ್ತಿದ್ದವು. ಆಂಡ್ರಾಯ್ಡ್ 14ರಿಂದ ಯುಎಸ್‌ಬಿ ಡ್ಯಾಕ್‌ಗೆ ಹಾಡನ್ನು ಇದ್ದಂತೆಯೇ ಕಳಿಸುವ ದಾರಿ ತೆರೆದಿದೆ, ಆ್ಯಪ್ ಅದನ್ನು ಬಳಸಬೇಕಷ್ಟೆ. ಕೆಲವು ಡಾಂಗಲ್‌ಗಳು ಐಫೋನಿನಲ್ಲಿ ಪೂರ್ತಿ ವೋಲ್ಟೇಜ್ ಕೊಟ್ಟು ಆಂಡ್ರಾಯ್ಡ್‌ನಲ್ಲಿ ಸೊರಗುತ್ತವೆ. ಡಾಂಗಲ್‌ನ ಒಳಗಿನ ವಾಲ್ಯೂಮನ್ನು ಫೋನು ಏರಿಸದೇ ಬಿಡುವುದು ಕಾರಣ. ಅಂಥದ್ದನ್ನು ‘ಸತ್ವವಿಲ್ಲದ ದನಿ’ ಎಂದು ಬರೆಯುವ ಮುನ್ನ ಮೀಟರ್ ಹಿಡಿಯಬೇಕು.

ನಮ್ಮ ಮನೆಗಳ ಅರ್ತಿಂಗ್ ಬಗ್ಗೆ ಒಂದು ಮಾತು. ಡಾಂಗಲ್‌ಗೆ ನೇರ ಹೆಡ್‌ಫೋನು ಹಾಕಿದರೆ ಈ ತಾಪತ್ರಯ ಕಡಿಮೆ. ಲ್ಯಾಪ್‌ಟಾಪಿನಿಂದ ಮೇಜಿನ ಡ್ಯಾಕ್‌ಗೆ, ಅಲ್ಲಿಂದ ಕರೆಂಟಿಗೆ ಹಾಕಿದ ಬೇರೆ ಆ್ಯಂಪ್ಲಿಫೈಯರ್‌ಗೆ ಹೋದಾಗ 50 ಹರ್ಟ್ಸ್‌ನ ಗುಂಯ್ ಸದ್ದು ಸೇರುತ್ತದೆ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನುಡಿಸಿ. ಗುಂಯ್ ನಿಂತರೆ ಡ್ಯಾಕ್ ನಿರಪರಾಧಿ, ಕಾಯಿಲೆ ಗ್ರೌಂಡಿನ ಸುತ್ತಿನಲ್ಲಿದೆ. ಮೌಸ್ ಆಡಿಸಿದಾಗ ಕಿರ್ ಎನ್ನುವುದು ಯುಎಸ್‌ಬಿ ದಾರಿಯಲ್ಲಿ ಬರುವ ಗದ್ದಲ. ಎರಡಕ್ಕೂ ಆಪ್ಟಿಕಲ್ ಕೇಬಲ್ ಒಳ್ಳೆಯ ಮದ್ದು. 12 ಮೆಗಾಬಿಟ್ ವೇಗದ ಯುಎಸ್‌ಬಿ ಐಸೊಲೇಟರ್ ಕೊಂಡರೆ ಹೆಚ್ಚಿನ ವೇಗ ಬೇಡುವ ಡ್ಯಾಕ್‌ಗಳು ಅದರ ಮೂಲಕ ಕೆಲಸವನ್ನೇ ಮಾಡದಿರಬಹುದು. ಅರ್ತ್ ಪಿನ್ ಮುರಿದು ಸದ್ದು ನಿಲ್ಲಿಸುವವರಿದ್ದಾರೆ. ಅದು ಪ್ರಾಣಕ್ಕೆ ಅಪಾಯ, ದಯವಿಟ್ಟು ಯಾರೂ ಮಾಡಬಾರದು.

ಚಿಪ್ಪಿನ ಹೆಸರಿಗೆ ನಿಮ್ಮ ಲೇಖನ ಕೊಟ್ಟ ಜಾಗ ಹೆಚ್ಚಾಯಿತು. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೊಕದಲ್ಲಿರುವ, ಡ್ಯಾಕ್ ಚಿಪ್ ತಯಾರಿಸುವ ಎಕೆಎಂ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿದ್ದು ಚಿಪ್ ಸಿಗದಾದಾಗ ಹಲವು ತಯಾರಕರು ತಮ್ಮ ಮಾದರಿಗಳನ್ನು ಇನ್ನೊಂದು ಕಂಪನಿಯಾದ ಇಎಸ್‌ಎಸ್‌ನ ಚಿಪ್ಪಿಗೆ ಬದಲಿಸಿಕೊಂಡರು. ದನಿಯನ್ನು ನಿರ್ಧರಿಸುವಲ್ಲಿ ಚಿಪ್ಪಿನ ಸುತ್ತಲಿನ ಔಟ್‌ಪುಟ್ ಹಂತ, ವಿದ್ಯುತ್ ಪೂರೈಕೆ, ಬೋರ್ಡಿನ ವಿನ್ಯಾಸದ ಕೈ ದೊಡ್ಡದು. ಹೈ-ರೆಸಲ್ಯೂಷನ್ (ಸಿ.ಡಿ.ಗಿಂತ ಹೆಚ್ಚು ಬಿಟ್ ಅಥವಾ ಸ್ಯಾಂಪಲ್ ದರದ) ಹಾಡುಗಳ ಬಗ್ಗೆಯೂ ಅಷ್ಟೇ. ಮೇಯರ್ ಮತ್ತು ಮೋರನ್ ಎಂಬ ಇಬ್ಬರು 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹೈ-ರೆಸಲ್ಯೂಷನ್ ದನಿಯನ್ನೂ ಅದನ್ನೇ 16 ಬಿಟ್, 44.1 ಕಿಲೊಹರ್ಟ್ಸ್ ಮೂಲಕ ಹಾಯಿಸಿದ್ದನ್ನೂ ಹೋಲಿಸಿದಾಗ 554ರಲ್ಲಿ 276 ಉತ್ತರ ಸರಿ, ನಾಣ್ಯ ಚಿಮ್ಮಿದಷ್ಟೇ. 2016ರಲ್ಲಿ ಸಂಶೋಧಕ ಜೋಶುವಾ ರೀಸ್ 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕಿದ್ದು ಶೇ 52.3 ಸರಿ ಉತ್ತರ. ಸಣ್ಣ ಭೇದವೊಂದು ಇರಬಹುದು, ಆದರೆ ಹೆಡ್‌ಫೋನು ತಲೆಯ ಮೇಲೆ ಅರ್ಧ ಬೆರಳು ಸರಿದರೆ ಆಗುವ ಬದಲಾವಣೆಯ ಮುಂದೆ ಅದು ಏನೂ ಅಲ್ಲ. ದುಡ್ಡು ಮೊದಲು ಹೋಗಬೇಕಾದದ್ದು ಹೆಡ್‌ಫೋನಿಗೆ.

ಆದ್ದರಿಂದ ಸಂಪಾದಕರಲ್ಲಿ ಕೋರಿಕೆ ಇಷ್ಟು. ಮುಂದೆ ಡ್ಯಾಕ್ ಹೋಲಿಕೆ ಪ್ರಕಟಿಸುವಾಗ ನಕ್ಷತ್ರಗಳ ಪಕ್ಕದಲ್ಲಿ ಒಂದು ಸಣ್ಣ ಚೌಕಟ್ಟು ಇರಲಿ: ಪೂರ್ತಿ ವಾಲ್ಯೂಮಿನ ವೋಲ್ಟೇಜ್, ಔಟ್‌ಪುಟ್ ಇಂಪೆಡೆನ್ಸ್, ಗದ್ದಲ ಎಷ್ಟು ಮೈಕ್ರೊವೋಲ್ಟ್, ಯಾವ ಹೆಡ್‌ಫೋನಿನಲ್ಲಿ ಕೇಳಿದ್ದು, ಮಟ್ಟವನ್ನು ಎಷ್ಟು ಡೆಸಿಬೆಲ್ ಒಳಗೆ ಸಮ ಮಾಡಿದ್ದು, ಹೆಸರು ಮುಚ್ಚಿ ಎಷ್ಟು ಸಲ ಕೇಳಿ ಎಷ್ಟು ಸರಿಯಾಯಿತು. ವಿಮರ್ಶಕರಿಗೆ ಒಂದು ಸಂಜೆಯ ಕೆಲಸ ಹೆಚ್ಚಾಗುತ್ತದೆ. ಜಾಗ ಸಾಲದಿದ್ದರೆ ‘ಬೆಚ್ಚಗಿನ ದನಿ’ಯ ಸಾಲುಗಳನ್ನು ತೆಗೆದು ಈ ಚೌಕಟ್ಟನ್ನು ಉಳಿಸಿಕೊಳ್ಳಿ.

ಇತಿ,
ಹೆಡ್‌ಫೋನ್ ಕೇಳುಗ,
ಬೆಂಗಳೂರು